ಹಾವಿಗೆ ನಡೆಯುವ ಉಪಚಾರ

ಡಲ್ಲಾಸ್ ಬಳಿಯ ಲಿಟಲ್ ಎಲ್ಮ್‌ನ ನಮ್ಮ ಮನೆಯಲ್ಲಿ ಅತ್ಯಂತ ಶುಚಿಯಾದ ಸ್ಥಳ ಯಾವುದೆಂದು ನೀವು ಕೇಳಿದರೆ, ದೇವರ ಕೋಣೆಯೆಂದು ಹೇಳುವ ಧೈರ್ಯ ನನಗಿಲ್ಲ. ಆ ಗೌರವ ಮಗಳ ಕೋಣೆಯಲ್ಲಿರುವ ನಾಲ್ಕಡಿಯ ಗಾಜಿನ ಪೆಟ್ಟಿಗೆಗೆ ಸಲ್ಲಬೇಕು. ಅದರಲ್ಲಿರುವುದು ಬಿಸ್ಕತ್ತು ಎಂಬ ಹೆಬ್ಬಾವು. ಫ್ಲೂಗರ್‌ವಿಲ್‌ನ ಸ್ನೇಹಿತರು ಊರು ಬಿಡುವಾಗ ಕೊಟ್ಟುಹೋದದ್ದು. ಗಾಬರಿಯಾಗಬೇಡಿ, ಅದರ ಉದ್ದ ಮೂರೇ ಅಡಿ; ನನ್ನ ಹೊಟ್ಟೆಕಿಚ್ಚು ಅದಕ್ಕಿಂತ ಉದ್ದ.

ತಾನು ಬಿಚ್ಚಿಹಾಕಿದ ಬಟ್ಟೆಯನ್ನು ನೆಲದಿಂದ ಎತ್ತದ ಹದಿನೈದರ ಅನಘಾ, ಆ ಪೆಟ್ಟಿಗೆಯ ಗಲೀಜನ್ನು ದಿನವೂ ತೆಗೆಯುತ್ತಾಳೆ, ನೀರಿನ ಬಟ್ಟಲನ್ನು ಉಜ್ಜಿ ತೊಳೆಯುತ್ತಾಳೆ, ತಿಂಗಳಿಗೊಮ್ಮೆ ಹಾಸನ್ನೆಲ್ಲ ಬದಲಿಸಿ ಗಾಜು ಹೊಳೆಯುವಂತೆ ಒರೆಸುತ್ತಾಳೆ. ಹತ್ತು ದಿನಕ್ಕೊಮ್ಮೆ ಸರ್ಪಭೋಜನ. ಶುದ್ಧ ಸಸ್ಯಾಹಾರಿಗಳಾದ ನಮ್ಮ ಗ್ಯಾರೇಜಿನಲ್ಲಿ ಇಲಿಗಳಿಗೆಂದೇ ಪ್ರತ್ಯೇಕ ಫ್ರೀಜರ್ ಇದೆ. ಹೆಪ್ಪುಗಟ್ಟಿದ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಹದವಾಗಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಅವಳು ಬಡಿಸುವ ಶ್ರದ್ಧೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಏಕೆಂದರೆ ನಾನೂ ಬಡಿಸುವವನೇ. ಹೆಂಡತಿಗೆ ಡಲ್ಲಾಸಿನ ಆಸ್ಪತ್ರೆಯಲ್ಲಿ ಸಂಜೆಯ ಪಾಳಿಯಾದ್ದರಿಂದ ಸೌಟು ನನ್ನದು. ಒಳ್ಳೆಯ ಗುಂಡು ಬದನೆಕಾಯಿಗಾಗಿ ನಾಲ್ಕು ಗಂಟೆ ದೂರದ ಹ್ಯೂಸ್ಟನ್ನಿನಲ್ಲಿ ನಮ್ಮವರ ಅಂಗಡಿಗಳಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನವರೆಗೂ ಡ್ರೈವ್ ಮಾಡಿದ ಕುಖ್ಯಾತಿ ನನಗಿದೆ. ಊಟಕ್ಕೆ ಕೂತ ಮಗಳ ಎದುರಿನ ಕುರ್ಚಿ ಹಿಡಿದು, ಒಂದೊಂದು ತುತ್ತನ್ನೂ ಎಣಿಸುತ್ತ, ಉಪ್ಪಿನಿಂದ ಆರಂಭಿಸಿ ಗಣಿತದ ಪರೀಕ್ಷೆಯವರೆಗೆ ವಿಚಾರಿಸುವುದು ನನ್ನ ನಿತ್ಯಕರ್ಮ. ಇಷ್ಟೆಲ್ಲ ಪ್ರೀತಿಗೆ ಪ್ರತಿಯಾಗಿ ಸಿಗುವುದು "ಫೈನ್" ಎಂಬ ಒಂದು ಮಾತು ಮತ್ತು ಅರ್ಧ ಉಳಿದ ತಟ್ಟೆ. ಆಮೇಲೆ ಕೋಣೆಯ ಬಾಗಿಲು ಮುಚ್ಚಿ ಹಾವಿನೊಡನೆ ಗಂಟೆಗಟ್ಟಲೆ ಮಾತು. ಹಾವಿಗೆ ಹೊರಗೆ ಕಾಣುವ ಕಿವಿಯೇ ಇಲ್ಲ. ನನಗೆ ಎರಡಿದ್ದೂ ವ್ಯರ್ಥ. ಮಗಳು ಕೈತಪ್ಪಿ ಹೋಗುತ್ತಿದ್ದಾಳೆಂದು ನನಗೆ ನಿಜಕ್ಕೂ ಭಯವಾಗತೊಡಗಿತು.

ಕಳೆದ ತಿಂಗಳು ಬಿಸ್ಕತ್ತು ಊಟ ಬಿಟ್ಟಿತು. ಎರಡು ಸಲ ಇಲಿ ಹಾಗೇ ಉಳಿದಾಗ ನನಗೆ ಒಳಗೊಳಗೇ ಖುಷಿಯಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂರನೆಯ ಸಲ, ಮುಖದಲ್ಲಿ ಸಹಾನುಭೂತಿ ತಂದುಕೊಂಡು, ಗಾಜಿಗೆ ಮೂಗು ತಾಗಿಸಿ ನಿಂತೆ. ಅನಘಾ ನನ್ನ ತೋಳು ಹಿಡಿದು ಹೊರಗೆಳೆದಳು.

"ಅಪ್ಪ, ಡೋಂಟ್ ಸ್ಟೇರ್. ಹಿ ವೋಂಟ್ ಈಟ್ ಇಫ್ ಯೂ ವಾಚ್."

"ಹಸಿವಾಗಿದ್ರೆ ತಿನ್ನಲ್ವೇನೇ?"

"ಹಸಿವು ಇರತ್ತೆ. ನೋಡ್ತಾ ನಿಂತ್ರೆ ಭಯ ಆಗತ್ತೆ ಅವನಿಗೆ. ಜಸ್ಟ್ ವೆಯ್ಟ್."

ಬಾಗಿಲಿಗೆ ಬೆನ್ನು ಕೊಟ್ಟು ಇಬ್ಬರೂ ಅರ್ಧ ಗಂಟೆ ಸುಮ್ಮನೆ ಕೂತೆವು. ಒಳಗೆ ಹೋಗಿ ನೋಡಿದರೆ ಇಲಿ ಇರಲಿಲ್ಲ. ಒಂದು ಹಾವಿಗೆ ಸಿಗುವ ಮರ್ಯಾದೆ ನನ್ನ ಊಟದ ಮೇಜಿನಲ್ಲಿ ಮಗಳಿಗೆ ಸಿಕ್ಕಿರಲಿಲ್ಲವೆಂದು ಆಗ ಹೊಳೆಯಿತು. ಹೊಳೆಯುವಂತೆ ಮಾಡಿದ್ದು ಬಿಸ್ಕತ್ತು ಎಂಬುದೇ ಬೇಸರ.

ಮರುದಿನ ಸಂಜೆ ತಟ್ಟೆ ಬಡಿಸಿಟ್ಟು, ಏನೂ ಕೇಳದೆ, ಗಿಡಗಳಿಗೆ ನೀರು ಹಾಕಲು ಹಿತ್ತಿಲಿಗೆ ನಡೆದೆ. ಕಿಟಕಿಯತ್ತ ತಿರುಗದಿರಲು ಪಟ್ಟ ಪಾಡು ನನಗೇ ಗೊತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಿತು; ಅನಘಾ ತಟ್ಟೆ ಹಿಡಿದು ಬಂದು ನನ್ನ ಹಿಂದಿನ ಮೆಟ್ಟಿಲ ಮೇಲೆ ಕೂತಳು. ಒಂದಷ್ಟು ತುತ್ತು ತಿಂದಳೆಂದು ಕಾಣುತ್ತದೆ.

"ಅಪ್ಪ, ಮ್ಯಾಥ್ಸಲ್ಲಿ ಫೇಲ್ ಆದೆ. ಟೂ ವೀಕ್ಸ್ ಆಯ್ತು. ಬಿಸ್ಕತ್ತಿಗೆ ಮಾತ್ರ ಹೇಳಿದ್ದೆ."

ಸುದ್ದಿ ನನಗಿಂತ ಎರಡು ವಾರ ಮೊದಲೇ ಹಾವಿಗೆ ತಲುಪಿತ್ತೆಂಬ ಸಂಕಟವನ್ನು ನುಂಗಿಕೊಂಡು, ಹಿಂತಿರುಗಿ ನೋಡದೆ, ಆಗಲೇ ತುಂಬಿ ಹರಿಯುತ್ತಿದ್ದ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಲೇ ನಿಂತೆ.