ಹದಿಮೂರನೇ ಡಬ್ಬಿ

ಮುಖ ನೋಡಿ ಬಣ್ಣ ಹಾಕು ಎಂದು ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಮಣೆಯ ವಿಚಾರ ಎಂದು ತಕರಾರು ತೆಗೆಯುವವರು ಬಣ್ಣದಕ್ಕನ ಕೋಣೆಗೆ ಬಂದು ನೋಡಬಹುದು. ಇಲ್ಲಿ ಬರೆದದ್ದೆಲ್ಲ ನಿಜ. ಬಳಿದದ್ದು ಮಾತ್ರ ಸುಳ್ಳು.

ಬೆಳಗಿನ ಐದು ಗಂಟೆ. ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ, ಕನ್ನಡಿಯ ಸುತ್ತ ಉರಿಯುವ ಬಲ್ಬುಗಳ ಎದುರು, ಅನ್ಯಗ್ರಹವಾಸಿಯೊಬ್ಬ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ಅವನ ಕಿವಿಯ ಹಿಂದೆ ಸ್ಪಂಜಿನಿಂದ ನೀಲಿ ಒತ್ತುತ್ತಿರುವವರೇ ಬಣ್ಣದಕ್ಕ. "ಕಿವಿ ಹಿಂದೆ ಬಿಟ್ರೆ ಮುಗೀತು. ತಿರುಗಿದ ತಕ್ಷಣ ಭೂಮಿಯವನಾಗ್ಬಿಡ್ತಾನೆ."

ಬಾಹ್ಯಾಕಾಶದ ಧಾರಾವಾಹಿಗಳಿಗೆ ಇಪ್ಪತ್ತೆರಡು ವರ್ಷದಿಂದ ಬಣ್ಣ ಹಚ್ಚುತ್ತಿದ್ದಾರೆ. ದಿನಕ್ಕೆ ಹದಿನಾಲ್ಕು ಮುಖ. ಚಿಪ್ಪು ಅಂಟಿಸುವ ಮುಖವಾದರೆ ಒಂದಕ್ಕೇ ಮೂರು ಗಂಟೆ. ಬೆರಳ ಸಂದಿಯ ಹಸಿರು ಹೋಗುವುದೇ ಇಲ್ಲ. ಮನೆಯಲ್ಲಿ ತಂಗಿ ಹಿಟ್ಟು ನಾದಲು ಬಿಡುವುದಿಲ್ಲ.

ಬಣ್ಣದ ಮಾತು ಅಕ್ಕನಿಗೆ ಬಾರದು. "ಸಾವಿರ ವರ್ಷ ಆಚೆಯ ಕಥೆ ಅಂತಾರೆ. ಕೇಡಿಗೆ ಕಪ್ಪು ಹಚ್ಚು. ರಾಣಿಗೆ ಬಿಳಿ ಹಚ್ಚು, ಬಟ್ಟೆ ಕಡಿಮೆ ಮಾಡು. ಹೆಂಗಸು ಹೆಂಗಸನ್ನ ಪ್ರೀತಿಸಿದ್ರೆ ಇಬ್ರಿಗೂ ಬಾಲ ಅಂಟಿಸ್ಬೇಕು. ಬಾಲ ಇದ್ರೆ ಪರವಾಗಿಲ್ವಂತೆ, ಬೇರೆ ಗ್ರಹದವರಲ್ವಾ. ಅಷ್ಟು ದೂರ ರಾಕೆಟ್ ಹತ್ತಿ ಹೋಗಿ, ಪಕ್ಕದ್ಮನೆಯವರ ಬುದ್ಧೀನೇ ಹೊತ್ಕೊಂಡು ಹೋದ್ರೆ ಏನು ಬಂತು?"

ಹೋದ ವರ್ಷ ಹಡಗಿನ ಕ್ಯಾಪ್ಟನ್ ಪಾತ್ರಕ್ಕೆ, ಅಕ್ಕನ ಹಾಗೆಯೇ ಕಪ್ಪಗಿರುವ ಹುಡುಗಿಯೊಬ್ಬಳು ಆಯ್ಕೆಯಾದಳು. ಮೂಗಿನಲ್ಲೇ ಮಾತಾಡುವ ನಿರ್ದೇಶಕರ ಆಜ್ಞೆಯನ್ನು ಅಕ್ಕ ಅವರದೇ ದನಿಯಲ್ಲಿ ಒಪ್ಪಿಸುತ್ತಾರೆ: "ಮೂರನೇ ನಂಬರ್ ಹಚ್ರಮ್ಮ. ಕ್ಯಾಪ್ಟನ್ ಬೆಳ್ಳಗಿರ್ಬೇಕು. ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ಕರೆಸ್ತೀನಿ." ಡಬ್ಬಿಗಳು ಒಂದರಿಂದ ಹನ್ನೆರಡರವರೆಗೆ, ನಂಬರ್ ಏರಿದಷ್ಟೂ ಬಣ್ಣ ಗಾಢ. ಮೂರು ಹಚ್ಚಿ ತೆಗೆದ ಒಂದು ತುಣುಕನ್ನು ಹುಡುಗಿ ಮನೆಯಲ್ಲಿ ತೋರಿಸಿದಳು. ಅವಳ ಅಮ್ಮ ಕೇಳಿದರಂತೆ, "ಚೆನ್ನಾಗಿದಾಳೆ. ನೀನು ಯಾವಾಗ ಬರ್ತೀಯೇ?"

ಮರುದಿನ ಅಕ್ಕ ಸೋಪು ಕೊಟ್ಟು ಅವಳ ಮುಖ ತೊಳೆಸಿದರು. ಹೊಳಪು ತಗ್ಗಿಸಲು ಬಣ್ಣವಿಲ್ಲದ ಪೌಡರು, ಅಷ್ಟೆ. ಯಾರಿಗೆ ಯಾವ ಬಣ್ಣವೆಂದು ಚೀಟಿ ಬರೆದು ಕನ್ನಡಿಗೆ ಅಂಟಿಸುವುದು ಈ ಕೋಣೆಯ ಪದ್ಧತಿ. ಅಕ್ಕ ಬರೆದರು: ಕ್ಯಾಪ್ಟನ್, ಹದಿಮೂರು. "ಧೈರ್ಯ ಮಾಡಿ ಬರೆದುಬಿಟ್ಟೆ. ಕೆಲಸ ಹೋದ್ರೆ ತಂಗಿಗೂ ನನಗೂ ಬೇರೆ ಗತಿ ಇಲ್ಲ."

ನಿರ್ದೇಶಕರು ಮಾನಿಟರ್ ನೋಡಿದರು, ಚೀಟಿ ತರಿಸಿ ನೋಡಿದರು.

"ಇದೇನು ಹದಿಮೂರು?"

"ಹೊಸದು ಸಾರ್."

"ಮುಖದಲ್ಲಿ ಈಗ ಅಧಿಕಾರ ಇದೆ. ಕೊನೇ ಕಂತಿನವರೆಗೂ ಇದೇ ಇರ್ಲಿ. ಬದಲಾಯಿಸಿದ್ರೆ ನೋಡಿ ಮತ್ತೆ."

ನಲವತ್ತು ಕಂತು ಹಾಗೆಯೇ ನಡೆದಿದೆ. ಅಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಈ ಗುಟ್ಟನ್ನು ಬರೆದುಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ನಿರ್ದೇಶಕರು. ಹೊಸ ನಟನಿಗೂ ಅದೇ ಬಣ್ಣ ಬೇಕಂತೆ. "ಎಲ್ರಮ್ಮ ಆ ಹದಿಮೂರನೇ ಡಬ್ಬಿ?"

ಗೊರಕೆ ನಿಲ್ಲುತ್ತದೆ. ಮೂಲೆಯಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ ಕ್ಯಾಪ್ಟನ್ ಕಟ್ಟಿದ್ದನ್ನೇ ಮತ್ತೆ ಬಿಚ್ಚುತ್ತಾಳೆ. ಅಕ್ಕ ಸ್ಪಂಜು ಕೆಳಗಿಟ್ಟು, ಸಿಂಕಿನ ಮೇಲಿನ ಸೋಪಿನ ಡಬ್ಬಿ ತಂದು ನಿರ್ದೇಶಕರ ಕೈಗಿಡುತ್ತಾರೆ.

"ಇದೇ ಸಾರ್. ಹಚ್ಚೋದಲ್ಲ, ತೊಳೆಯೋದು."

"ಹಾಗಾದ್ರೆ ನಲವತ್ತು ಕಂತೂ..."

"ಅವಳ ಸ್ವಂತದ್ದು. ನಿಮ್ಮದೂ ಅದೇ ನಂಬರ್ ಅಲ್ವಾ ಸಾರ್," ಎಂದು ಅಕ್ಕ ಖಾಲಿ ಕುರ್ಚಿಯೊಂದನ್ನು ಕನ್ನಡಿಯತ್ತ ತಿರುಗಿಸುತ್ತಾರೆ.

ಅವರು ಕೂರುತ್ತಾರೆ. ಬಲ್ಬುಗಳ ನಡುವೆ ತಮ್ಮ ಕಪ್ಪು ಮುಖ ನೋಡುತ್ತಾರೆ, ಪಕ್ಕದ ಚೀಟಿ ನೋಡುತ್ತಾರೆ, ಕೈಯಲ್ಲಿನ ಸೋಪು ನೋಡುತ್ತಾರೆ. ಮೊದಲು ಮೂಗಿನಲ್ಲಿ ಹೊರಟ ನಗು ಆಮೇಲೆ ಹೊಟ್ಟೆಗಿಳಿಯುತ್ತದೆ. ಅಕ್ಕ ನಗುತ್ತಾರೆ, ಕ್ಯಾಪ್ಟನ್ ನಗುತ್ತಾಳೆ, ಅರ್ಧ ನೀಲಿಯಾದವನೂ ನಗುತ್ತಾನೆ. ನಿರ್ದೇಶಕರಷ್ಟು ಜೋರಾಗಿ ನಗುವುದು ಮಾತ್ರ ನಮ್ಮಲ್ಲಿ ಯಾರಿಂದಲೂ ಆಗುವುದಿಲ್ಲ.