ಹೊರಗಿನ ಕನ್ನಡಿ

೧೯೬೧ರಲ್ಲಿ ನಾನು ಓದು ಬಿಟ್ಟೆ. ಏಳನೇ ಕ್ಲಾಸು ಅರ್ಧ ಆಗಿತ್ತು. ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಮಾದಿಹಳ್ಳಿಯ ನಮ್ಮ ಮನೆಯಲ್ಲಿ ದುಡಿಯುವ ಕೈ ಬೇರೆ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಒಂದು ದಿನವೂ ಕೈಕಟ್ಟಿ ಕೂತವನಲ್ಲ, ಯಾರ ಮುಂದೆಯೂ ಕೈಚಾಚಿದವನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬರೆಯುವುದನ್ನು ಓದಿ ನೀವು ನನ್ನನ್ನು ಸಣ್ಣ ಮನುಷ್ಯ ಅಂದುಕೊಂಡರೂ, ಸೋಮಾರಿ ಅಂದುಕೊಳ್ಳಬಾರದು.

ದೆವ್ವ, ಗಾಳಿ, ಪವಾಡ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಕೆಲಸ ಮಾಡುವವನು ಅಂಥದ್ದನ್ನೆಲ್ಲ ನಂಬಿದರೆ ಕತ್ತಲ ಗರ್ಭಗುಡಿಯ ಮುಂದೆ ದಿನಕ್ಕೆ ಹತ್ತು ಸಲ ಹೋಗಿ ಬರುವುದಕ್ಕೆ ಆಗುತ್ತದೆಯೇ? ನೋಡಲು ಬಂದವರು ಯಾರಾದರೂ, "ಇಲ್ಲಿ ಏನಾದರೂ ಓಡಾಡುತ್ತಾ?" ಅಂತ ಕೇಳಿದರೆ, "ಓಡಾಡುತ್ತೆ ಸ್ವಾಮಿ, ಬಾವಲಿ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನು ತೋರಿಸಿದ ಗುಂಪು ಯಾವಾಗಲೂ ನಗುತ್ತಲೇ ಹೊರಗೆ ಬರುತ್ತಿತ್ತು. ಅದೇ ನನ್ನ ಹೆಮ್ಮೆ.

ನಮ್ಮ ಕೆಲಸದ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಹೊರಗಿನ ಗೋಡೆಯ ಆನೆ, ಸಿಂಹ, ಕುದುರೆ, ರಾಮಾಯಣ, ಮಹಾಭಾರತ ಎಲ್ಲ ಬಿಸಿಲಿನಲ್ಲಿ ತಾವೇ ಕಾಣುತ್ತವೆ. ಒಳಗೆ ಹಾಗಲ್ಲ. ಕಂಬದ ನುಣುಪು, ಮೇಲ್ಛಾವಣಿಯ ಕೆತ್ತನೆ, ಬಾಗಿಲಲ್ಲಿ ನಿಂತ ದ್ವಾರಪಾಲಕರ ಉಗುರು, ಆಭರಣ ಯಾವುದೂ ಕಣ್ಣಿಗೆ ಹತ್ತುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ ಕಲ್ಲು ಬೂದಿ ಬಳಿದ ಹಾಗೆ ಕಾಣುತ್ತದೆ. ಅದಕ್ಕೆ ನಾವು ಬಿಸಿಲನ್ನೇ ಒಳಗೆ ಕರೆಯುತ್ತಿದ್ದೆವು. ಇದಕ್ಕೆ ಇಬ್ಬರು ಬೇಕು. ಒಬ್ಬ ಪೂರ್ವದ ಬಾಗಿಲಿನ ಹೊರಗೆ, ನಂದಿ ಮಂಟಪದ ಮೆಟ್ಟಿಲ ಪಕ್ಕ ದೊಡ್ಡ ಕನ್ನಡಿ ಹಿಡಿದು ನಿಂತು ಬಿಸಿಲನ್ನು ಬಾಗಿಲೊಳಗೆ ತೂರಿಸಬೇಕು. ಒಳಗಿನವನು ತನ್ನ ಸಣ್ಣ ಕನ್ನಡಿಯಲ್ಲಿ ಅದನ್ನು ಹಿಡಿದು ಬೇಕಾದ ಶಿಲ್ಪದ ಮೇಲೆ ತಿರುಗಿಸಬೇಕು. ಒಳಗಿನವನು "ಬೆಳಕು ಬಿಡೀ" ಅಂದರೆ ಬಿಡಬೇಕು, "ಸಾಕು" ಅಂದರೆ ಇಳಿಸಬೇಕು. ಸೂರ್ಯ ಸರಿದ ಹಾಗೆ ಹೊರಗಿನ ಕನ್ನಡಿಯನ್ನೂ ಕೂದಲೆಳೆಯಷ್ಟು ತಿರುಗಿಸುತ್ತಲೇ ಇರಬೇಕು. ಕೈ ಒಂದು ಚೂರು ನಡುಗಿದರೂ ಒಳಗೆ ಬೆಳಕು ಕುಣಿದುಬಿಡುತ್ತದೆ. ಹೊರಗಿನವನಿಗೆ ಬಿಸಿಲು, ಒಳಗಿನವನಿಗೆ ಮಾತು. ನಮ್ಮಲ್ಲಿ ಯಾರಿಗೆ ಗುಂಪು ಸಿಕ್ಕಿತೋ ಅವನು ಒಳಗೆ, ಖಾಲಿ ಇದ್ದವನು ಹೊರಗೆ. ನಿನ್ನೆ ಜಗಳ ಆಡಿದ್ದರೂ ಇವತ್ತು ಹಿಡಿಯಲೇಬೇಕು. ಇದನ್ನು ಯಾರೂ ಮೀರಿದ್ದಿಲ್ಲ.

ನನಗೆ ಇದನ್ನು ಕಲಿಸಿದವರು ರುದ್ರಪ್ಪಜ್ಜ. ಆರು ವರ್ಷ ಅವರಿಗೆ ಹೊರಗಿನ ಕನ್ನಡಿ ಹಿಡಿದೆ. ಬೀರುವಿನ ಬಾಗಿಲಿನ ಕನ್ನಡಿಯನ್ನು ಕತ್ತರಿಸಿ ತಗಡಿನ ಚೌಕಟ್ಟು ಹಾಕಿಸಿದ್ದರು. ಸಾಯುವ ಮುಂಚೆ ಅದನ್ನು ನನ್ನ ಕೈಗೇ ಕೊಟ್ಟರು. ಆಮೇಲೆ ಐದಾರು ವರ್ಷ ಹಳೇಬೀಡಿನಲ್ಲಿ ಒಳಗೆ ನಿಲ್ಲುವವನು ಅಂದರೆ ನಾನೇ.

೧೯೭೫ರಲ್ಲಿ ಧರಣೇಂದ್ರ ಬಂದ.

ಬಸದಿಗಳ ಹತ್ತಿರದ ಜೈನರ ಮನೆಯ ಹುಡುಗ. ಮೈಸೂರಿನಲ್ಲಿ ಬಿ.ಎ. ಮಾಡಿದ್ದ. ಕೆಲಸ ಸಿಗುವವರೆಗೆ ಅಂತ ಬಂದವನು ನಿಂತೇಬಿಟ್ಟ. ನನಗಿಂತ ಏಳು ವರ್ಷ ಚಿಕ್ಕವನು. "ಅಣ್ಣ, ನೀವು" ಅಂತಲೇ ಮಾತಾಡಿಸುತ್ತಿದ್ದ. ಒಂದು ದಿನವಾದರೂ ಎದುರು ಮಾತಾಡಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಬಿಳಿ ಶರ್ಟು, ಮೆತ್ತನೆ ದನಿ, ನೀರು ಕುಡಿದ ಹಾಗೆ ಇಂಗ್ಲಿಷು. ನಾನು ಕಿವಿಯಲ್ಲಿ ಕೇಳಿ ಕೇಳಿ ಕಲಿತ ಇಂಗ್ಲಿಷಿಗೆ ಫಾರಿನ್‌ನವರು ನಗುತ್ತಿದ್ದರು. ಅವನು ಮಾತಾಡಿದರೆ ಬರೆದುಕೊಳ್ಳುತ್ತಿದ್ದರು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲು ಆಗದಿದ್ದುದು ಇನ್ನೊಂದು. ಅವನ ಗುಂಪು ನಗುತ್ತಾ ಹೊರಗೆ ಬರುತ್ತಿರಲಿಲ್ಲ. ಸುಮ್ಮನೆ ಬರುತ್ತಿತ್ತು. ಒಬ್ಬೊಬ್ಬರು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಡುತ್ತಿದ್ದರು. ಒಳಗೆ ಅವನು ದ್ವಾರಪಾಲಕನನ್ನು ತೋರಿಸುವಾಗ ಮಾತೇ ಆಡುತ್ತಿರಲಿಲ್ಲವಂತೆ. ಬೆಳಕನ್ನು ಪಾದದಿಂದ ಶುರುಮಾಡಿ, ಮೊಣಕಾಲು, ಸೊಂಟ, ಮುರಿದ ತೋಳು ಅಂತ ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸಿ, ಕೊನೆಗೆ ಮುಖದ ಮೇಲೆ ನಿಲ್ಲಿಸುತ್ತಿದ್ದನಂತೆ. ಅಷ್ಟೇ. ಇದನ್ನು ನಾನೂ ಮಾಡಿ ನೋಡಿದೆ. ಗುಂಪಿನಲ್ಲಿ ಒಬ್ಬ, "ಯಾಕ್ರೀ ಸುಮ್ನಾದ್ರಿ, ಮರ್ತೋಯ್ತಾ?" ಅಂದ.

ಬರಬರುತ್ತಾ ಜನ ಅವನನ್ನೇ ಕೇಳಿಕೊಂಡು ಬರುವಂತಾಯಿತು. ನಾನು ಹೊರಗೆ ನಿಲ್ಲುವುದು ಹೆಚ್ಚಾಯಿತು. ಬಸ್‌ಸ್ಟ್ಯಾಂಡಿನ ಹೋಟೆಲಿನ ನಂಜೇಗೌಡ ಟೀ ಕೊಡುತ್ತಾ ಬಿಡುತ್ತಿರಲಿಲ್ಲ.

"ಏನ್ಲಾ, ಇವತ್ತೂ ಹೊರಗೇನಾ? ಮುಖ ಸುಟ್ಟು ರಾಗಿಮುದ್ದೆ ಆಗೈತಲ್ಲೋ."

"ಬಿಸ್ಲು ನಂಗೇನ್ ಹೊಸದಾ?" ಅಂದೆ.

"ಬಿಸ್ಲಲ್ಲ ಕಣ್ಲಾ, ಒಳಗಿನ ಉರಿ ಅದು. ತಗೋ, ಟೀ ಆರಿಸ್ಕೊಂಡು ಕುಡಿ."

ಕೂತವರೆಲ್ಲ ನಕ್ಕರು. ಅವನು ಹೇಳಿದ್ದು ನಿಜ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಹೆಂಡತಿ ಕೂಡ, "ಧರಣಪ್ಪನ ನೋಡಿ, ಎಷ್ಟು ನಿಧಾನವಾಗಿ ಮಾತಾಡ್ತಾರೆ" ಅಂದ ದಿನ ನಾನು ಊಟ ಬಿಟ್ಟು ಎದ್ದೆ.

೧೯೭೮ರ ಚಳಿಗಾಲದಲ್ಲಿ ಒಂದು ಸುದ್ದಿ ಬಂತು. ಗೈಡುಗಳಿಗೆ ಸರ್ಕಾರದ ಬಿಲ್ಲೆ ಕೊಡುತ್ತಾರೆ, ಬಿಲ್ಲೆ ಇದ್ದವನು ಮಾತ್ರ ಇನ್ನು ಮುಂದೆ ಜನರನ್ನು ಒಳಗೆ ಕರೆದುಕೊಂಡು ಹೋಗಬಹುದು, ಹಳೇಬೀಡಿಗೆ ಸದ್ಯಕ್ಕೆ ಒಂದೇ ಬಿಲ್ಲೆ. ಬೆಂಗಳೂರಿನಿಂದ ಒಬ್ಬರು ಸಾಹೇಬರು ಒಂದಷ್ಟು ಜನರನ್ನು ಕಟ್ಟಿಕೊಂಡು ಬಂದು ನನ್ನ ಮತ್ತು ಧರಣೇಂದ್ರನ ಕೆಲಸ ನೋಡುತ್ತಾರೆ. ಬಿಲ್ಲೆ ಸಿಗದಿದ್ದರೆ ನಾನು ಏನಾಗಬೇಕು? ಜನ್ಮವಿಡೀ ಧರಣೇಂದ್ರನ ಕನ್ನಡಿ ಹಿಡಿಯಬೇಕು, ಇಲ್ಲ ತೆಂಗಿನಕಾಯಿ ಹೊತ್ತುಕೊಂಡು ಜಾವಗಲ್ ಸಂತೆಗೆ ಹೋಗಬೇಕು.

ಅವತ್ತು ಬೆಳಿಗ್ಗೆ ಮೊದಲ ಸರದಿ ನನ್ನದು. ಧರಣೇಂದ್ರ ಹೊರಗೆ ನಿಂತು ಹಿಡಿದ. ಚೆನ್ನಾಗಿಯೇ ಹಿಡಿದ, ಸುಳ್ಳು ಹೇಳಬಾರದು. ನಾನು ಎಲ್ಲ ಹೇಳಿದೆ, ಎರಡು ಸಲ ನಗಿಸಿದೆ. ಸಾಹೇಬರು "ಗುಡ್" ಅಂದು ಗಡಿಯಾರ ನೋಡಿಕೊಂಡರು. ಅದು ನನಗೆ ಚುಚ್ಚಿತು.

ಆಮೇಲೆ ಅವನ ಸರದಿ. ಹತ್ತು ಗಂಟೆ ಇದ್ದಿರಬೇಕು. ಆಕಾಶದಲ್ಲಿ ಒಂದು ಚೂರೂ ಮೋಡ ಇರಲಿಲ್ಲ. ಅವನು ಗುಂಪನ್ನು ಒಳಗೆ ಕರೆದುಕೊಂಡು ಹೋದ. "ಬೆಳಕು ಬಿಡಿ ಅಣ್ಣಾ" ಅಂತ ಕೂಗಿದ. ಬಿಟ್ಟೆ. ಕಂಬ ತೋರಿಸಿದ, ಮೇಲ್ಛಾವಣಿ ತೋರಿಸಿದ. "ಸಾಕು" ಅಂದ. ಇಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ "ಬೆಳಕು ಬಿಡಿ ಅಣ್ಣಾ" ಅಂದ. ಇದು ದ್ವಾರಪಾಲಕನಿಗೆ ಅಂತ ನನಗೆ ಗೊತ್ತಿತ್ತು.

ನಾನು ಬಿಡಲಿಲ್ಲ. ಕನ್ನಡಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ದಕ್ಷಿಣದ ಬಾಗಿಲ ಕಡೆ ನಡೆದು ದೊಡ್ಡ ಗಣಪತಿಯ ಪಕ್ಕದ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದೆ. ಕೇಳಿದರೆ ಹೊಟ್ಟೆ ಹಿಂಡಿತು ಅಂತ ಹೇಳುವುದು ಅಂದುಕೊಂಡಿದ್ದೆ. ಕತ್ತಲಲ್ಲಿ ಬಿ.ಎ. ಏನು ಮಾಡುತ್ತದೋ ನೋಡೇ ಬಿಡೋಣ ಅನ್ನಿಸಿತ್ತು.

"ಅಣ್ಣಾ, ಬೆಳಕು" ಅನ್ನುವ ಕೂಗಿಗಾಗಿ ಕಾದೆ. ಕೂಗು ಬರಲಿಲ್ಲ. ಬೀಡಿ ಮುಗಿಯಿತು. ಆಗಲೂ ಬರಲಿಲ್ಲ. ನನಗೇ ತಡೆಯಲಾಗಲಿಲ್ಲ. ಅವನು ಕತ್ತಲಲ್ಲಿ ತಡವರಿಸುವುದನ್ನು ನೋಡಬೇಕು ಅಂತ ಸುತ್ತಿ ಬಂದೆ.

ಪೂರ್ವದ ಬಾಗಿಲಿನ ಹೊಸ್ತಿಲ ಮೇಲೆ ಬೆಳಕು ಬಿದ್ದಿತ್ತು.

ಬಿಸಿಲಲ್ಲ. ಬಿಸಿಲು ಆ ಹೊತ್ತಿಗೆ ಹೊಸ್ತಿಲು ಬಿಟ್ಟಾಗಿತ್ತು. ಇದು ಕನ್ನಡಿಯ ಬೆಳಕು, ಚೌಕನೆಯದು, ಅಂಚು ಕತ್ತರಿಸಿದ ಹಾಗೆ. ಹದಿನಾಲ್ಕು ಹದಿನೈದು ವರ್ಷ ಅದನ್ನು ನೋಡಿದವನಿಗೆ ಗುರುತು ತಪ್ಪುತ್ತದೆಯೇ? ಒಂದಿಷ್ಟೂ ಅಲುಗದೆ ಒಳಗೆ ಹೋಗುತ್ತಿತ್ತು. ಒಳಗೆ ದ್ವಾರಪಾಲಕನ ಎದೆಯವರೆಗೆ ಬೆಳಕು ಹತ್ತಿತ್ತು. ಜನ ಅದರ ಜೊತೆಗೇ ಕತ್ತು ಎತ್ತುತ್ತಾ ನಿಂತಿದ್ದರು.

ತಿರುಗಿ ನಂದಿ ಮಂಟಪದ ಕಡೆ ನೋಡಿದೆ. ಮೆಟ್ಟಿಲ ಪಕ್ಕ ಯಾರೂ ಇಲ್ಲ. ನಾನು ನಿಂತು ನಿಂತು ತುಳಿದ ಹುಲ್ಲು ಹಾಗೇ ಇದೆ. ನನ್ನ ಚಪ್ಪಲಿ ಅಲ್ಲೇ ಬಿದ್ದಿದೆ. ಕನ್ನಡಿ ನನ್ನ ಕಂಕುಳಲ್ಲಿದೆ. ಕೆರೆಯ ನೀರಿನ ಹೊಳಪೋ, ಬಸ್ಸಿನ ಗಾಜೋ ಇರಬೇಕು ಅಂತ ಸುತ್ತ ನೋಡಿದೆ. ನೀರಿನ ಬೆಳಕು ಹೀಗೆ ನಿಲ್ಲುವುದಿಲ್ಲ. ಸಾಹೇಬರ ಬಸ್ಸು ದೇವಸ್ಥಾನದ ಆ ಮಗ್ಗುಲಲ್ಲಿತ್ತು.

ಏನು ಮಾಡಬೇಕೋ ತಿಳಿಯದೆ ಆ ಬೆಳಕಿನೊಳಗೆ ಕೈ ಚಾಚಿದೆ. ಬೆಚ್ಚಗಿತ್ತು. ಒಳಗೆ ದ್ವಾರಪಾಲಕನ ಎದೆಯ ಮೇಲೆ ನನ್ನ ಐದು ಬೆರಳು ಮಸುಕಾಗಿ ಬಿದ್ದವು.

"ಅಣ್ಣಾ, ಕೈ ಅಡ್ಡ ಬರ್ತಿದೆ" ಅಂದ ಧರಣೇಂದ್ರ, ತಿರುಗಿ ನೋಡದೆ.

ಕೈ ಎಳೆದುಕೊಂಡೆ. ಆಮೇಲೆ ಬಗ್ಗಿ, ಬೆಳಕಿನ ದಾರಿಗೆ ಮುಖ ಕೊಟ್ಟು ಅದು ಬರುವ ಕಡೆ ನೋಡಿದೆ. ಕಣ್ಣು ಕುಕ್ಕಿತು. ನಾನು ನಿಲ್ಲುವ ಜಾಗದಲ್ಲಿ, ನಾನು ಹಿಡಿಯುವ ಎತ್ತರದಲ್ಲಿ, ಏನೋ ಝಗ್ ಅಂತ ಹೊಳೆಯುತ್ತಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಹುಲ್ಲು, ಚಪ್ಪಲಿ, ಕಲ್ಲು ನಂದಿ. ಬೇರೆ ಏನೂ ಇಲ್ಲ.

ಬೆಳಕು ಮುಖಕ್ಕೆ ಹತ್ತಿ ನಿಂತಿತು. ಎಷ್ಟು ಹೊತ್ತು ನಿಂತಿತೋ ಹೇಳಲಾರೆ. "ಸಾಕು ಅಣ್ಣಾ" ಅಂದ. ಹೊಸ್ತಿಲ ಮೇಲಿನ ಬೆಳಕು ಆ ಕ್ಷಣಕ್ಕೆ ಇಳಿಯಿತು. ಹೇಳಿದ ಮಾತು ಕೇಳಿ ಇಳಿಸಿದ ಹಾಗೆ.

ಗುಂಪು ಸುಮ್ಮನೆ ಹೊರಗೆ ಬಂತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಯಾರ್ರೀ ಹೊರಗೆ ಹಿಡಿದಿದ್ದು?" ಅಂದರು.

"ಇವರೇ ಸಾರ್. ನನಗೆ ಅಣ್ಣ ಇದ್ದ ಹಾಗೆ" ಅಂದ ಧರಣೇಂದ್ರ.

"ಭೇಷ್. ಒಂದು ಸಲಾನೂ ಕೈ ನಡುಗ್ಲಿಲ್ಲವಲ್ರೀ!"

ಟವೆಲ್ ಸುತ್ತಿದ ಕನ್ನಡಿ ಕಂಕುಳಲ್ಲೇ ಇತ್ತು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಧರಣೇಂದ್ರನೇ ಮುಂದುವರಿಸಿದ: "ಇವರಿಲ್ಲದಿದ್ರೆ ಒಳಗೆ ನಾನು ಕುರುಡ ಸಾರ್. ಒಬ್ಬರಿಗೇ ಬಿಲ್ಲೆ ಕೊಟ್ಟು ಏನೂ ಪ್ರಯೋಜನ ಇಲ್ಲ. ಕೊಟ್ರೆ ಇಬ್ಬರಿಗೂ ಕೊಡಿ. ಒಂದೇ ಇದ್ರೆ ಇವರಿಗೇ ಕೊಡಿ." ನಾನು ತಲೆ ತಗ್ಗಿಸಿದೆ. ಸಾಹೇಬರು ಅದನ್ನು ವಿನಯ ಅಂದುಕೊಂಡರು.

ಎರಡು ತಿಂಗಳಿಗೆ ಎರಡು ಬಿಲ್ಲೆ ಬಂದವು.

ರುದ್ರಪ್ಪಜ್ಜನ ಆತ್ಮ ಬಂದು ಹಿಡಿಯಿತು ಅಂತ ನೀವು ಹೇಳಬಹುದು. ಅದನ್ನೂ ಯೋಚಿಸಿದ್ದೇನೆ. ಆದರೆ ಆರು ವರ್ಷ ಅವರಿಗೆ ಬಿಸಿಲಲ್ಲಿ ನಿಂತವನು ನಾನು. ಧರಣೇಂದ್ರ ಈ ಕೆಲಸಕ್ಕೆ ಬರುವ ಎಷ್ಟೋ ಮುಂಚೆಯೇ ಅವರು ಹೋಗಿಬಿಟ್ಟಿದ್ದರು. ಬರುವುದಿದ್ದರೆ ನನಗಾಗಿ ಬರಬೇಕಿತ್ತಲ್ಲ? ನನ್ನ ಮಾನ ಉಳಿಸುವುದಕ್ಕೆ ಬಂದರು ಅಂತ ಒಂದೊಂದು ಸಲ ಅನ್ನಿಸುತ್ತದೆ. ಮರುಗಳಿಗೆಗೆ, ಇಲ್ಲ, ಅದು ಅವನಿಗಾಗಿಯೇ ಬಂದ ಬೆಳಕು ಅನ್ನಿಸಿ ಹೊಟ್ಟೆ ಮತ್ತೆ ಉರಿಯುತ್ತದೆ.

ನಿಜ ಹೇಳಬೇಕು ಅಂದರೆ, ನಾನು ಪರೀಕ್ಷೆ ಮಾಡಿಯೂ ನೋಡಿದೆ. ಜನ ಇಲ್ಲದ ಹೊತ್ತು ನೋಡಿ, ಹೊರಗೆ ಯಾರನ್ನೂ ನಿಲ್ಲಿಸದೆ, ಸಣ್ಣ ಕನ್ನಡಿ ಹಿಡಿದು ದ್ವಾರಪಾಲಕನ ಮುಂದೆ ನಿಂತು "ಬೆಳಕು ಬಿಡೀ" ಅಂತ ಕೂಗಿದೆ. ಒಂದು ಸಲ ಅಲ್ಲ, ಹತ್ತಾರು ದಿನ. ಕತ್ತಲು ಕತ್ತಲಾಗಿಯೇ ಇತ್ತು. ಒಂದು ದಿನ ಪೂಜೆಯ ಅಯ್ಯನವರು ಕೇಳಿಸಿಕೊಂಡು ಹತ್ತಿರ ಬಂದರು.

"ಯಾರ್ನಯ್ಯಾ ಕರೀತಿದ್ದೀಯ? ಹೊರಗೆ ನರಪಿಳ್ಳೆ ಇಲ್ಲ."

"ಯಾರೂ ಇಲ್ಲ ಬುದ್ಧಿ, ಗಂಟಲು ಸರಿ ಮಾಡ್ಕೋತಿದ್ದೆ" ಅಂದೆ.

ಎರಡು ವರ್ಷದ ಹಿಂದೆ ಧರಣೇಂದ್ರನಿಗೆ ಉತ್ತರ ಕರ್ನಾಟಕದ ಕಡೆ ಮೇಷ್ಟ್ರ ಕೆಲಸ ಸಿಕ್ಕಿತು. ರೈಲು ಹತ್ತಿಸಲು ಅರಸೀಕೆರೆಯವರೆಗೆ ನಾನೂ ಹೋದೆ. ಸ್ಟೇಷನ್ನಿನಲ್ಲಿ ಅವನು ಚೀಲದಿಂದ ತನ್ನ ಸಣ್ಣ ಕನ್ನಡಿ ತೆಗೆದು ನನ್ನ ಕೈಗಿಟ್ಟ.

"ಇನ್ನು ನನಗೆ ಯಾಕೆ ಅಣ್ಣ ಇದು? ನೀವೇ ಇಟ್ಕೊಳಿ" ಅಂದ. ರೈಲು ಅಲುಗಿದ ಮೇಲೆ ಕಿಟಕಿಯಿಂದ ನಕ್ಕ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಸಾಹೇಬ್ರು ಬಂದ ದಿನ ಹಿಡಿದ ಹಾಗೆ ನೀವು ಇನ್ನೊಂದು ಸಲ ಹಿಡೀಲೇ ಇಲ್ಲ."

ಅವನಿಗೆ ಗೊತ್ತಿತ್ತೋ, ಇಲ್ಲವೋ, ನಗುವಿನಲ್ಲಿ ನನಗೆ ತಿಳಿಯಲಿಲ್ಲ. "ಅವತ್ತು ಹಿಡಿದೋನು ನಾನಲ್ಲ ಕಣೋ" ಅನ್ನುವಷ್ಟರಲ್ಲಿ ರೈಲು ಪ್ಲಾಟ್‌ಫಾರಂ ದಾಟಿತ್ತು. ರೈಲು ನಿಂತಿದ್ದರೂ ನಾನು ಅನ್ನುತ್ತಿದ್ದೆನೋ ಇಲ್ಲವೋ, ದೇವರಿಗೇ ಗೊತ್ತು.

ಇದು ೧೯೮೮. ನನ್ನ ಹತ್ತಿರ ಈಗ ಇರುವುದು ಇಷ್ಟು: ಸರ್ಕಾರದ ಬಿಲ್ಲೆ ಒಂದು. ಹೊರಗೆ ಹಿಡಿಯುವ ದೊಡ್ಡ ಕನ್ನಡಿ ಒಂದು. ಒಳಗೆ ಹಿಡಿಯುವ ಸಣ್ಣ ಕನ್ನಡಿ ಎರಡು, ನನ್ನದೊಂದು, ಅವನದೊಂದು. ಕತ್ತಲಿಗೆ ಟಾರ್ಚು ಒಂದು. ಹೊರಗೆ ನಿಲ್ಲುವವರು, ಸದ್ಯಕ್ಕೆ ಯಾರೂ ಇಲ್ಲ.