ಬ್ಯಾನರಿನ ಇನ್ನೊಂದು ತುದಿ

ನಮ್ಮ ಮಹಾನಂದಾ ಟೀಚರಿಗೆ ತಲೆ ಬಗ್ಗಿಸಿ ಮಾತಾಡಲು ಬರುವುದಿಲ್ಲ. ಆಳಂದ ಕಡೆಯ ಬೌದ್ಧ ಮನೆತನದವರು, ಜೇವರ್ಗಿಯ ನಮ್ಮ ಶಾಲೆಯಲ್ಲಿ ಇತಿಹಾಸ ಕಲಿಸುತ್ತಾರೆ. ಅಲ್ಲೇ ಗಣಿತ ಕಲಿಸುವ ನಾನು ಯಾರ ಮನಸ್ಸೂ ನೋಯದಂತೆ ಸುತ್ತಿ ಬಳಸಿ ಮಾತಾಡುವವನು. ಅದಕ್ಕೇ ಅವರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಕಳೆದ ವರ್ಷ ಒಂದು ಟ್ರಸ್ಟು ನಮ್ಮ ಆರು ಮಕ್ಕಳನ್ನು ಪೋಲೆಂಡಿಗೆ ಕಳಿಸಲು ಮುಂದೆ ಬಂತು. ಹಿಟ್ಲರನ ಕಾಲದಲ್ಲಿ ಯಹೂದಿಗಳನ್ನು ಲಕ್ಷಗಟ್ಟಲೆ ಕೊಂದ ಔಶ್ವಿಟ್ಜ್ ಶಿಬಿರ ನೋಡುವ ಪ್ರವಾಸ. ಮಕ್ಕಳನ್ನು ತಯಾರು ಮಾಡಿ ಕರೆದೊಯ್ಯುವ ಹೊಣೆ ಟೀಚರದು. ಟ್ರಸ್ಟಿನ ಕಾರ್ಯದರ್ಶಿ ದೇವೀಂದ್ರಪ್ಪನವರಿಗೋ ತಯಾರಿ ಎಂದರೆ ಕೋಟು, ಬೂಟು ಮತ್ತು ಶಿಬಿರದ ಬಾಗಿಲಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಲು ಟ್ರಸ್ಟಿನ ಹೆಸರಿನ ಬ್ಯಾನರು.

"ಸತ್ತವರ ಮನಿ ಮುಂದ ಬ್ಯಾನರ್ ಹಿಡೀತಾರೇನ್ರಿ?" ಎಂದರು ಟೀಚರು.

ಅವರು ಪಾಠ ಶುರು ಮಾಡಿದ್ದು ಊರೊಳಗೇ. ಸಾವಾದ ಮನೆಗೆ ನಾವು 'ಮಾತಾಡ್ಸಾಕ' ಹೋಗುತ್ತೇವೆ. ಮಾತು ಹೆಸರಿಗಷ್ಟೇ. ಹೋದವರು ನೆಲದ ಮೇಲೆ ಸುಮ್ಮನೆ ಕೂರುತ್ತಾರೆ, ಏಳುವಾಗ 'ಬರ್ತೇವಿ' ಅನ್ನದೆ ಎದ್ದು ಬರುತ್ತಾರೆ. ಕೇರಿಯ ನಿಂಬೆವ್ವನ ಮಗ ಆಗಷ್ಟೇ ಮ್ಯಾನ್‌ಹೋಲಿಗಿಳಿದು ಉಸಿರುಗಟ್ಟಿ ಸತ್ತಿದ್ದ. ಮಕ್ಕಳನ್ನು ಕರೆತರಲೇ ಎಂದು ಟೀಚರು ಮೊದಲೇ ಹೋಗಿ ಕೇಳಿದ್ದರು.

"ಬರ್ಲಿ ಬಿಡವ್ವ. ಊರಾಗಿನ ಮಂದಿ ಯಾರ್ ಬಂದಾರ ಇಲ್ಲಿಗಿ?" ಎಂದಿದ್ದಳು ಆಕೆ.

ಮಕ್ಕಳು ಹೋಗಿ ಕೂತರು. ಬಾಗಿಲ ಬಳಿ ಸತ್ತವನ ಚಪ್ಪಲಿ ಬಿಟ್ಟಲ್ಲೇ ಇದ್ದವು. ಯಾರೂ ಫೋನು ತೆಗೆಯಲಿಲ್ಲ. ಬರುವಾಗ ದೇವೀಂದ್ರಪ್ಪನವರ ಮಗಳು ಸುಮಂಗಲಾ ಕೇಳಿದಳು: "ಅಲ್ಲೂ ಹಿಂಗ ಕೂಡಬೇಕೇನ್ರಿ, ಟೀಚರ್?"

"ಹೂಂ. ಆದ್ರ ಹಣೆಬರಹ ಅನಬ್ಯಾಡ್ರಿ. ಅಲ್ಲಿ ಕೊಂದವರು ಮನುಷ್ಯಾರು. ಇಲ್ಲಿ ನಿಂಬೆವ್ವನ ಮಗನ್ನ ಒಳಗ ಇಳಿಸಿದವರೂ ಮನುಷ್ಯಾರೇ."

ಮರುದಿನ ದೇವೀಂದ್ರಪ್ಪನವರು ಸ್ಟಾಫ್ ರೂಮಿಗೆ ನುಗ್ಗಿದರು. "ನನ್ನ ಮಗಳನ್ನ ಆ ಕೇರಿಯಾಗ ಕೂಡಿಸೀರಿ! ತಪ್ಪಾಯ್ತಂತ ಬರದು ಕೊಡ್ರಿ. ಇಲ್ಲಂದ್ರ ನೀವು ಪ್ರವಾಸಕ್ಕ ಬರಂಗಿಲ್ಲ."

"ಸಮುದ್ರ ದಾಟ್ಸಿ ಸಾವು ತೋರಿಸ್ತೀರಿ, ಓಣಿ ದಾಟಿದ್ರ ಮೈಲಿಗಿ ಆಗ್ತದೇನ್ರಿ? ನಾ ಬರದು ಕೊಡಂಗಿಲ್ಲ."

ಅವರು ಹೋದ ಮೇಲೆ ನಾನು ಟೀಚರನ್ನೇ ಬೈದೆ. "ಒಂದ್ ಸಾಲು ಬರದಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ?"

"ನಿನ್ನೆ ಮಾಡಿದ ಪಾಠ ಹೋಗ್ತಿತ್ತು, ಸರ್."

ದೇವೀಂದ್ರಪ್ಪನವರೇ ಮಕ್ಕಳನ್ನು ಕರೆದುಕೊಂಡು ಹೋದರು. ಆ ವಾರವೆಲ್ಲ ಟೀಚರು ಎಂದಿನಂತೆ ಪಾಠ ಮಾಡಿದರು. ಸಂಕಟವಾಗಿದ್ದು ನನಗೆ, ಎಲ್ಲರೆದುರು ಅವರ ಪರ ನಿಲ್ಲದ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ವಾಪಸು ಬಂದವಳೇ ಸುಮಂಗಲಾ ನೇರ ಸ್ಟಾಫ್ ರೂಮಿಗೆ ಬಂದಳು.

"ಶಿಬಿರದ ಬಾಗಿಲಾಗ ಅಪ್ಪ ಬ್ಯಾನರ್ ಬಿಚ್ಚಿದ ನೋಡ್ರಿ, ಟೀಚರ್. ಒಂದ್ ತುದಿ ತಾನೇ ಹಿಡ್ಕೊಂಡು, ಇನ್ನೊಂದು ನನಗ ಹಿಡಿ ಅಂದ. ನಾ ಕೆಳಗ ಕೂತೆ. ಉಳಿದವರೂ ಕೂತ್ರು."

"ಬೈಲಿಲ್ಲೇನು?" ಎಂದರು ಟೀಚರು.

"ಬೈದಾ. ಆಮ್ಯಾಲ ಬ್ಯಾನರ್ ಸುತ್ತಿ ಬಗಲಾಗ ಇಟ್ಕೊಂಡು ಸುಮ್ನ ನಿಂತ."

ಟೀಚರ ಕಣ್ಣು ತುಂಬಿದವು. "ಏಳುವಾಗ ಏನಂದ್ರಿ?"

"ಏನೂ ಅನಲಿಲ್ರಿ," ಎಂದಳು ಸುಮಂಗಲಾ. "ಎದ್ದು ಬಂದ್ವಿ."